ಜರ್ಮನಿಯಲ್ಲಿ ಮೊದಲ ವರ್ಷ: ಯಾವ ಮನೆ, ಯಾವ ವಿಮೆ, ಯಾವ ಅಂಗಡಿ?

ಜರ್ಮನಿಗೆ ಬಂದಿಳಿದ ಮೊದಲ ತಿಂಗಳು ಮುಗಿಯುವುದರೊಳಗೆ ಹತ್ತಾರು ಕಾಗದಕ್ಕೆ ಸಹಿ ಬಿದ್ದಿರುತ್ತದೆ. ಮನೆ ಬಾಡಿಗೆ, ಆರೋಗ್ಯ ವಿಮೆ, ಬ್ಯಾಂಕು, ಸಿಮ್, ಇಂಟರ್ನೆಟ್, ರೈಲು ಪಾಸು. ಒಂದೊಂದರಲ್ಲೂ ಎರಡು ಮೂರು ದಾರಿ. ಮೊದಲೇ ಬಂದವರನ್ನು ಕೇಳಿದರೆ ಒಬ್ಬೊಬ್ಬರದು ಒಂದೊಂದು ಸಲಹೆ. ಬೆಂಗಳೂರಿನಿಂದ ಮನೆಮಂದಿಯ ಜೊತೆ ಬಂದ ಎಂಜಿನಿಯರ್‌ಗೆ ಸರಿಹೋದದ್ದು, ಮಂಗಳೂರಿನಿಂದ ಮಾಸ್ಟರ್ಸ್ ಓದಲು ಬಂದ ಹುಡುಗಿಗೂ ಸರಿಹೋಗಬೇಕು ಅಂತೇನಿಲ್ಲ, ಅಲ್ವಾ?

ಹೊಸದಾಗಿ ಬರುವವರಿಗೆ ನಾನು ಹೇಳುವುದು ಇಷ್ಟು. ಯಾವುದು ಅಗ್ಗ ಅಂತ ಕೇಳುವ ಮೊದಲು, ಬೇಡ ಅನ್ನಿಸಿದರೆ ಬಿಡಲು ಎಷ್ಟು ದಿನ ಹಿಡಿಯುತ್ತದೆ ಅಂತ ಕೇಳಿ. ಪ್ರೀಪೇಯ್ಡ್ ಸಿಮ್ ಇವತ್ತೇ ಬಿಸಾಡಬಹುದು. ರೈಲು ಪಾಸನ್ನು ತಿಂಗಳಿಗೊಮ್ಮೆ ನಿಲ್ಲಿಸಬಹುದು. ಬಾಡಿಗೆ ಮನೆ ಬಿಡಲು ಸಾಮಾನ್ಯವಾಗಿ ಮೂರು ತಿಂಗಳು ಬೇಕು. ಖಾಸಗಿ ಆರೋಗ್ಯ ವಿಮೆಗೆ ಒಮ್ಮೆ ಹೋದರೆ ಕೆಲವರಿಗೆ ವಾಪಸ್ ಬರುವ ದಾರಿಯೇ ಇರುವುದಿಲ್ಲ. ಹಾಗಾಗಿ ಸಿಮ್ ಯಾವುದು ಅಂತ ವಾರಗಟ್ಟಲೆ ತಲೆ ಕೆಡಿಸಿಕೊಂಡು, ವಿಮೆಯ ಕಾಗದಕ್ಕೆ ಐದು ನಿಮಿಷದಲ್ಲಿ ಸಹಿ ಹಾಕುವುದು ಬೇಡ. ಮುಂದೆ ಹೇಳುವ ಸಂಬಳದ ಮಿತಿ, ವಿಮೆಯ ದರ, ಪಾಸಿನ ಬೆಲೆ ಎಲ್ಲ 2026ರವು.

ಮನೆ: ಮೊದಲು ಕೇಳಬೇಕಾದದ್ದು ಬಾಡಿಗೆಯಲ್ಲ

ಜರ್ಮನಿಯಲ್ಲಿ ಮನೆಗೆ ಸೇರಿದ ಎರಡು ವಾರದೊಳಗೆ ಊರಿನ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು. ಇದೇ ಆನ್‌ಮೆಲ್ಡುಂಗ್. ಇದಕ್ಕೆ ಮನೆ ಮಾಲೀಕರು ಸಹಿ ಮಾಡಿದ ಒಂದು ಪತ್ರ ಬೇಕು, 'ಇವರು ಇಂಥ ದಿನದಿಂದ ನಮ್ಮ ಮನೆಯಲ್ಲಿದ್ದಾರೆ' ಅಂತ. ನೋಂದಣಿ ಆದ ಮೇಲೆ 11 ಅಂಕಿಯ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಅದನ್ನು ಕಂಪನಿಗೆ ಕೊಡುವುದು ತಡವಾದರೆ ಸಂಬಳದಲ್ಲಿ ತೆರಿಗೆ ಜಾಸ್ತಿ ಹಿಡಿಯುವ ಸಾಧ್ಯತೆ ಇದೆ. ವಾಪಸ್ ಬರುತ್ತದೆ, ಆದರೆ ಮೊದಲ ತಿಂಗಳುಗಳಲ್ಲೇ ಕೈ ಕಟ್ಟಿದಂತಾಗುತ್ತದೆ. ವೀಸಾ ಮುಂದುವರಿಸಲಿಕ್ಕೂ, ಎಷ್ಟೋ ಬ್ಯಾಂಕುಗಳಲ್ಲಿ ಖಾತೆ ತೆರೆಯಲಿಕ್ಕೂ ಈ ನೋಂದಣಿಯ ಕಾಗದವನ್ನೇ ಕೇಳುತ್ತಾರೆ.

ಆದ್ದರಿಂದ ಮನೆ ನೋಡುವಾಗ ಮೊದಲ ಪ್ರಶ್ನೆ: ಇಲ್ಲಿ ಆನ್‌ಮೆಲ್ಡುಂಗ್ ಮಾಡಿಸಿಕೊಳ್ಳಬಹುದಾ? ಹೋಟೆಲು, ಪ್ರವಾಸಿಗರಿಗೆ ಕೊಡುವ ಕೋಣೆಗಳಲ್ಲಿ ಸಾಮಾನ್ಯವಾಗಿ ಇಲ್ಲ ಅನ್ನುತ್ತಾರೆ. ಬಾಡಿಗೆ ಕಮ್ಮಿ, ಜಾಗ ಚೆನ್ನಾಗಿದೆ, ಆದರೆ ನೋಂದಣಿ ಮಾತ್ರ ಬೇಡ ಅಂದರೆ ಆ ಮನೆ ಬಿಟ್ಟುಬಿಡಿ.

ಉತ್ತರ ಹೌದು ಅಂತ ಬಂದರೆ ಮೂರು ದಾರಿ ಇವೆ. ಸಾಮಾನು ಸಮೇತ ಕೆಲವು ತಿಂಗಳಿಗೆ ಸಿಗುವ ಮನೆ, ನಾಲ್ಕು ಜನರ ಜೊತೆ ಹಂಚಿಕೊಳ್ಳುವ ಮನೆಯಲ್ಲಿ ಒಂದು ಕೋಣೆ, ಅಥವಾ ನಿಮ್ಮ ಹೆಸರಿಗೇ ಒಪ್ಪಂದ ಮಾಡಿಕೊಂಡ ಖಾಲಿ ಮನೆ.

ಖಾಲಿ ಮನೆ ಅಂದರೆ ಇಲ್ಲಿ ನಿಜಕ್ಕೂ ಖಾಲಿ. ಎಷ್ಟೋ ಮನೆಗಳಲ್ಲಿ ಅಡುಗೆಕಟ್ಟೆ ಇರುವುದಿಲ್ಲ, ಸಿಂಕ್ ಇರುವುದಿಲ್ಲ, ಒಲೆ ಇರುವುದಿಲ್ಲ. ಚಾವಣಿಯಿಂದ ವೈರು ಮಾತ್ರ ನೇತಾಡುತ್ತಿರುತ್ತದೆ, ದೀಪ ನೀವೇ ಹಾಕಿಸಬೇಕು. ಹಳೆಯ ಬಾಡಿಗೆದಾರರು ತಮ್ಮ ಅಡುಗೆಮನೆಯನ್ನು ನಿಮಗೇ ಮಾರಲು ನೋಡುತ್ತಾರೆ. ಬೆಲೆ ಸರಿ ಇದ್ದರೆ ಅದು ಒಳ್ಳೆಯದೇ, ಹೊಸದನ್ನು ಕೂರಿಸಲು ವಾರಗಳು ಹಿಡಿಯುತ್ತವೆ. ಜಾಹೀರಾತಿನಲ್ಲಿ 'ಐನ್‌ಬೌಕ್ಯೂಶೆ' ಅಂತಲೋ 'ಇಬಿಕೆ' ಅಂತಲೋ ಇದ್ದರೆ ಅಡುಗೆಮನೆ ಇದೆ ಅಂತ ಅರ್ಥ. ಹುಡುಕುವಾಗ ಇದನ್ನು ಮೊದಲೇ ಆರಿಸಿಕೊಳ್ಳಿ.

ಬಾಡಿಗೆಯಲ್ಲಿ ಎರಡು ಅಂಕಿ ಕಾಣುತ್ತವೆ. 'ಕಾಲ್ಟ್' ಅನ್ನುವುದು ಗೋಡೆಗಳಿಗೆ ಕೊಡುವ ಬಾಡಿಗೆ ಮಾತ್ರ. 'ವಾರ್ಮ್' ಅಂದರೆ ನೀರು, ಕಸ, ಮೆಟ್ಟಿಲು ಗುಡಿಸುವುದು, ಹೆಚ್ಚಿನ ಕಡೆ ಕೋಣೆ ಬೆಚ್ಚಗಿಡುವ ಖರ್ಚು ಎಲ್ಲ ಸೇರಿದ್ದು. ಎರಡು ಮನೆ ಹೋಲಿಸುವಾಗ ಎರಡರದ್ದೂ ವಾರ್ಮ್ ಅಂಕಿಯನ್ನೇ ಹಿಡಿಯಿರಿ. ಅದರ ಮೇಲೆ ಕರೆಂಟು, ಇಂಟರ್ನೆಟ್ ಬೇರೆ. ಟಿವಿ, ರೇಡಿಯೋ ಶುಲ್ಕ ಅಂತ ಮನೆಗೆ ತಿಂಗಳಿಗೆ 18.36 ಯೂರೋ ಕೂಡ ಬೇರೆ. ಟಿವಿ ಇಲ್ಲದಿದ್ದರೂ ಕಟ್ಟಲೇಬೇಕು. ಆದರೆ ಅದು ತಲೆಗಲ್ಲ, ಮನೆಗೆ. ನಾಲ್ಕು ಜನ ಹಂಚಿಕೊಂಡಿದ್ದರೆ ಒಬ್ಬರು ಕಟ್ಟಿ ಉಳಿದವರಿಂದ ಪಾಲು ತೆಗೆದುಕೊಳ್ಳುತ್ತಾರೆ.

ಮುಂಗಡಕ್ಕೆ ಬೆಂಗಳೂರಿನ ಹತ್ತು ತಿಂಗಳ ಲೆಕ್ಕ ಇಲ್ಲಿಲ್ಲ. ಕಾನೂನಿನ ಪ್ರಕಾರ ಮೂರು ತಿಂಗಳ ಕಾಲ್ಟ್ ಬಾಡಿಗೆಗಿಂತ ಜಾಸ್ತಿ ಕೇಳುವ ಹಾಗಿಲ್ಲ. ಅದನ್ನೂ ಮೂರು ಕಂತಿನಲ್ಲಿ ಕೊಡುವ ಹಕ್ಕು ನಿಮಗಿದೆ. ದಲ್ಲಾಳಿಗೆ ಯಾರು ಕೆಲಸ ಒಪ್ಪಿಸಿದರೋ ಅವರೇ ದುಡ್ಡು ಕೊಡಬೇಕು, 2015ರಿಂದ ಇದೇ ನಿಯಮ. ಮಾಲೀಕರು ಇಟ್ಟ ದಲ್ಲಾಳಿಗೆ ನೀವು ಕೊಡಬೇಕಾಗಿಲ್ಲ.

ಹೊಸಬರಿಗೆ ಸ್ವಂತ ಒಪ್ಪಂದ ಸಿಗುವುದು ಕಷ್ಟ ಯಾಕೆ ಅಂದರೆ, ಮಾಲೀಕರು ಕೊನೆಯ ಮೂರು ತಿಂಗಳ ಸಂಬಳದ ಚೀಟಿ ಕೇಳುತ್ತಾರೆ, 'ಶೂಫಾ' ಅನ್ನುವ ಸಾಲದ ದಾಖಲೆ ಕೇಳುತ್ತಾರೆ. ಬಂದ ವಾರದಲ್ಲಿ ನಿಮ್ಮ ಬಳಿ ಎರಡೂ ಇರುವುದಿಲ್ಲ. ಮ್ಯೂನಿಕ್‌ನಂಥ ಊರಲ್ಲಿ ಒಂದು ಮನೆಗೆ ಸಾಲುಗಟ್ಟಿ ಅರ್ಜಿ ಬೀಳುತ್ತವೆ. ಎಲ್ಲ ಕಾಗದ ಇಟ್ಟುಕೊಂಡವರ ಮುಂದೆ ಕೆಲಸದ ಒಪ್ಪಂದ ಒಂದನ್ನೇ ಹಿಡಿದು ನಿಂತರೆ ಹಿಂದೆ ಬೀಳುತ್ತೀರಿ. ಇದೇ ಕಾರಣಕ್ಕೆ ಮನೆಮಂದಿಯ ಜೊತೆ ಬರುವವರು ಮೊದಲ ಮೂರು ನಾಲ್ಕು ತಿಂಗಳು ಸಾಮಾನು ಸಮೇತದ ಮನೆಯಲ್ಲೇ ಇರುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಬಾಡಿಗೆ ಜಾಸ್ತಿ, ನಿಜ. ಆದರೆ ಆ ದುಡ್ಡಿಗೆ ಪಾತ್ರೆ, ಮಂಚ, ಇಂಟರ್ನೆಟ್ಟಿನ ಜೊತೆ ಊರನ್ನು ಅರಿಯುವ ಸಮಯವೂ ಸಿಗುತ್ತದೆ. ಶಾಲೆ ಎಲ್ಲಿದೆ, ಸಂಜೆ ಯಾವ ಬಸ್ಸು ತುಂಬಿ ಬರುತ್ತದೆ, ಯಾವ ಬಡಾವಣೆಯಲ್ಲಿ ಮಕ್ಕಳ ಆಟದ ಜಾಗ ಚೆನ್ನಾಗಿದೆ ಅನ್ನುವುದು ಇಲ್ಲಿದ್ದುಕೊಂಡೇ ಗೊತ್ತಾಗಬೇಕು. ಅಷ್ಟು ಹೊತ್ತಿಗೆ ಮೂರು ಸಂಬಳದ ಚೀಟಿಯೂ ಕೈಲಿರುತ್ತದೆ. ಆಗ ಖಾಲಿ ಮನೆಗೆ ಅರ್ಜಿ ಹಾಕಿ.

ಒಬ್ಬರೇ ಬರುವವರಿಗೆ, ಅದರಲ್ಲೂ ಓದಲು ಬರುವವರಿಗೆ, ಹಂಚಿಕೊಂಡ ಮನೆಯೇ ಸರಿ. ಇಲ್ಲಿ ಅದನ್ನು 'ವೇಗೇ' ಅನ್ನುತ್ತಾರೆ. ಅಡುಗೆಮನೆ ಸಿದ್ಧವಾಗಿರುತ್ತದೆ, ಭಾಷೆ ಕಿವಿಗೆ ಬೀಳುತ್ತದೆ, ಕಾಗದ ಬಂದರೆ ಓದಿ ಹೇಳುವವರಿರುತ್ತಾರೆ. ಕಷ್ಟ ಇರುವುದು ಒಗ್ಗರಣೆಯಲ್ಲಿ. ಇಂಗು, ಸಾಸಿವೆ ಸಿಡಿಯುವ ವಾಸನೆ ಎಲ್ಲರಿಗೂ ಹಿಡಿಸುವುದಿಲ್ಲ. ಕೋಣೆ ನೋಡಲು ಹೋದಾಗಲೇ 'ನಾನು ದಿನಾ ಅಡುಗೆ ಮಾಡುತ್ತೇನೆ' ಅಂತ ಹೇಳಿಬಿಡಿ. ಅಡುಗೆಮನೆಗೆ ಬಾಗಿಲು, ಕಿಟಕಿ ಇದೆಯಾ ನೋಡಿ. ಇದಕ್ಕಿಂತ ಅಗ್ಗ ಅಂದರೆ ವಿದ್ಯಾರ್ಥಿ ಹಾಸ್ಟೆಲು, ಅಂದರೆ ವಿದ್ಯಾರ್ಥಿಗಳ ಸೌಕರ್ಯ ನೋಡಿಕೊಳ್ಳುವ ಷ್ಟುಡಿಯರೆಂಡೆನ್‌ವೆರ್ಕ್ ನಡೆಸುವ ಕೋಣೆಗಳು. ಕಾಯುವವರ ಪಟ್ಟಿ ಉದ್ದ ಇರುವುದರಿಂದ, ಸೀಟು ಸಿಕ್ಕ ದಿನವೇ ಅರ್ಜಿ ಹಾಕಿ. ಟಿಕೆಟ್ ಬುಕ್ ಮಾಡಿದ ಮೇಲೆ ಹಾಕೋಣ ಅಂತ ಕೂತರೆ ತಡವಾಗುತ್ತದೆ.

ಯಾವ ದಾರಿ ಹಿಡಿದರೂ ಒಂದು ಎಚ್ಚರ ಬೇಕು. ಮನೆ ನೋಡುವ ಮೊದಲು ದುಡ್ಡು ಕಳಿಸಬೇಡಿ. 'ನಾನು ಬೇರೆ ದೇಶದಲ್ಲಿದ್ದೇನೆ, ಮುಂಗಡ ಹಾಕಿ, ಕೀಲಿ ಅಂಚೆಯಲ್ಲಿ ಕಳಿಸುತ್ತೇನೆ' ಅನ್ನುವವರು ಮೋಸಗಾರರೇ. ಊರಿನಿಂದಲೇ ಮನೆ ಗೊತ್ತುಮಾಡಿಕೊಂಡು ಬರಬೇಕು ಅನ್ನುವ ಆತಂಕದಲ್ಲಿ ನಮ್ಮ ವಿದ್ಯಾರ್ಥಿಗಳು ಇದಕ್ಕೆ ಸಿಕ್ಕಿಬೀಳುತ್ತಾರೆ. ಇನ್ನು ಮನೆ ಬಿಡುವಾಗ ಇಮೇಲ್ ಸಾಲದು. ಕಾಗದದಲ್ಲಿ ಬರೆದು, ಕೈಯಾರೆ ಸಹಿ ಮಾಡಿದ ಪತ್ರವೇ ಮಾಲೀಕರ ಕೈ ಸೇರಬೇಕು.

ಹಳೆಯ ಕಟ್ಟಡವೋ ಹೊಸ ಕಟ್ಟಡವೋ ಅನ್ನುವುದು ಇಷ್ಟದ ಮಾತು. ಹಳೆಯದರಲ್ಲಿ ಎತ್ತರದ ಚಾವಣಿ, ಮರದ ನೆಲ, ಚಳಿಗಾಲದಲ್ಲಿ ದೊಡ್ಡ ಬಿಲ್ಲು. ಹೊಸದರಲ್ಲಿ ಶಾಖ ಒಳಗೇ ಉಳಿಯುತ್ತದೆ, ಹಾಗೆಯೇ ಹಬೆಯೂ. ನಾವು ದಿನಾ ಅನ್ನ ಸಾರು ಕುದಿಸುವ ಜನ. ದಿನಕ್ಕೆ ಎರಡು ಮೂರು ಸಲ ಐದು ಹತ್ತು ನಿಮಿಷ ಕಿಟಕಿ ಪೂರ್ತಿ ತೆರೆಯದಿದ್ದರೆ ಗೋಡೆಗೆ ಬೂಷ್ಟು ಹಿಡಿದು, ಮನೆ ಬಿಡುವಾಗ ಮುಂಗಡದಲ್ಲಿ ಕಡಿತವಾಗುತ್ತದೆ. ಚಳಿ ಅಂತ ಕಿಟಕಿಯನ್ನು ಇಡೀ ದಿನ ಒಂದಿಷ್ಟೇ ತೆರೆದಿಟ್ಟರೆ ಶಾಖ ಹೋಗುತ್ತದೆ, ಹಬೆ ಹೋಗುವುದಿಲ್ಲ.

ಆರೋಗ್ಯ ವಿಮೆ: ಇಲ್ಲಿ ಆತುರ ಬೇಡವೇ ಬೇಡ

ಈ ಬರಹದಲ್ಲಿ ಒಂದೇ ಭಾಗ ಓದುತ್ತೀರಿ ಅಂದರೆ ಇದನ್ನು ಓದಿ.

ಜರ್ಮನಿಯಲ್ಲಿ ಆರೋಗ್ಯ ವಿಮೆ ಕಡ್ಡಾಯ. ಎರಡು ಬಗೆ ಇವೆ, ಸಾರ್ವಜನಿಕ ಮತ್ತು ಖಾಸಗಿ. ಸಾರ್ವಜನಿಕದಲ್ಲಿ ನಿಮ್ಮ ಸಂಬಳಕ್ಕೆ ತಕ್ಕಂತೆ ಕಂತು. ಮೂಲ ದರ ಸಂಬಳದ 14.6%, ಅದರ ಮೇಲೆ ಒಂದೊಂದು ಸಂಸ್ಥೆ ಒಂದೊಂದು ಹೆಚ್ಚುವರಿ ದರ ಹಾಕುತ್ತದೆ. 2026ಕ್ಕೆ ಸರ್ಕಾರ ಹೇಳಿರುವ ಸರಾಸರಿ ಹೆಚ್ಚುವರಿ 2.9%. ಎರಡರಲ್ಲೂ ಅರ್ಧ ಕಂಪನಿ ಕಟ್ಟುತ್ತದೆ. ವಯಸ್ಸು ಕೇಳುವುದಿಲ್ಲ, ಸಕ್ಕರೆ ಕಾಯಿಲೆ ಇದೆಯಾ ಅಂತ ಕೇಳುವುದಿಲ್ಲ. ಎಲ್ಲಕ್ಕಿಂತ ದೊಡ್ಡ ವಿಷಯ, ಸಂಪಾದನೆ ಇಲ್ಲದ ಗಂಡ ಅಥವಾ ಹೆಂಡತಿ ಮತ್ತು ಮಕ್ಕಳು ಅದೇ ಕಂತಿನಲ್ಲಿ ಸೇರಿಕೊಳ್ಳುತ್ತಾರೆ. ಅವರಿಗೆ ಬೇರೆ ದುಡ್ಡಿಲ್ಲ.

ಖಾಸಗಿಯಲ್ಲಿ ಸಂಬಳ ಲೆಕ್ಕಕ್ಕಿಲ್ಲ. ವಯಸ್ಸು, ಆರೋಗ್ಯ, ಯಾವ ಯೋಜನೆ ಅನ್ನುವುದರ ಮೇಲೆ ಕಂತು. ಒಬ್ಬೊಬ್ಬರಿಗೂ ಬೇರೆ ಬೇರೆ ಕಂತು, ಹುಟ್ಟಿದ ಮಗುವಿಗೂ. ನೌಕರಿಯಲ್ಲಿರುವವರು ಖಾಸಗಿಗೆ ಹೋಗಬೇಕಾದರೆ ವರ್ಷದ ಸಂಬಳ 77,400 ಯೂರೋಗಿಂತ ಜಾಸ್ತಿ ಇರಬೇಕು. ಇಪ್ಪತ್ತೆಂಟು, ಮೂವತ್ತರ ಗಟ್ಟಿಮುಟ್ಟಾದ ಒಂಟಿ ಎಂಜಿನಿಯರ್‌ಗೆ ಖಾಸಗಿ ಕಂತು ಸಾರ್ವಜನಿಕಕ್ಕಿಂತ ಕಮ್ಮಿ ಕಾಣುತ್ತದೆ. ತಜ್ಞ ವೈದ್ಯರ ಸಮಯವೂ ಬೇಗ ಸಿಗುತ್ತದೆ, ಅದು ಸುಳ್ಳಲ್ಲ. ಏಜೆಂಟರು ಫೋನ್ ಮಾಡಿ ಹೇಳುವುದು ಇವೆರಡನ್ನೇ.

ಮದುವೆ ಆಗಿ, ಹೆಂಡತಿ ಬಂದು, ಎರಡು ಮಕ್ಕಳಾದ ಮೇಲೆ ಅದೇ ಮನೆಗೆ ನಾಲ್ಕು ಕಂತು ಬರುತ್ತವೆ. ವಯಸ್ಸಾದಂತೆ ಕಂತು ಏರುತ್ತದೆ, ನಿವೃತ್ತಿಯಾಗಿ ಆದಾಯ ಇಳಿದರೂ ಕಂತು ಅದಕ್ಕೆ ತಕ್ಕಂತೆ ಇಳಿಯುವುದಿಲ್ಲ. ಮತ್ತೆ ಸಾರ್ವಜನಿಕಕ್ಕೆ ಬರೋಣ ಅಂದರೆ ಸಂಬಳ ಆ ಮಿತಿಗಿಂತ ಕೆಳಗಿಳಿಯಬೇಕು. 55 ವರ್ಷ ದಾಟಿದ ಮೇಲೆ ಬಾಗಿಲು ಹೆಚ್ಚುಕಮ್ಮಿ ಮುಚ್ಚಿದಂತೆಯೇ. ಮೂರು ವರ್ಷ ಇದ್ದು ಊರಿಗೆ ವಾಪಸ್ ಹೋಗುವುದು ಖಚಿತ, ಒಬ್ಬರೇ ಇದ್ದೀರಿ, ಸಂಬಳವೂ ಮಿತಿಯ ಮೇಲಿದೆ ಅಂದರೆ ಖಾಸಗಿಯ ಬಗ್ಗೆ ಯೋಚಿಸಬಹುದು. ಉಳಿದ ಎಲ್ಲರೂ ಸಾರ್ವಜನಿಕದಲ್ಲೇ ಇರಿ. ಇದನ್ನು ನಾನು ತೂಗಿ ನೋಡಿಯೇ ಹೇಳುತ್ತಿದ್ದೇನೆ. ಎಷ್ಟು ದಿನ ಇರುತ್ತೇವೆ ಅನ್ನುವುದು ಮೊದಲ ವರ್ಷದಲ್ಲಿ ಯಾರಿಗೂ ಗೊತ್ತಿರುವುದಿಲ್ಲ.

ವಿದ್ಯಾರ್ಥಿಗಳಿಗೆ ಇನ್ನೂ ಗಟ್ಟಿಯಾಗಿ ಹೇಳಬೇಕು. 30 ವರ್ಷದೊಳಗಿನವರಿಗೆ ಸಾರ್ವಜನಿಕ ವಿಮೆಯಲ್ಲಿ ವಿದ್ಯಾರ್ಥಿ ದರ ಇದೆ. ಅದು ಬೇಡ ಅಂತ ಬರೆದುಕೊಟ್ಟು ಖಾಸಗಿ ತೆಗೆದುಕೊಂಡರೆ, ಓದು ಮುಗಿಯುವವರೆಗೆ ಆ ಮಾತನ್ನು ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ. ತಿಂಗಳಿಗೆ ಒಂದಿಷ್ಟು ಯೂರೋ ಉಳಿಯುತ್ತೆ ಅಂತ ಯಾವುದೋ ಅಗ್ಗದ ಪಾಲಿಸಿ ತೆಗೆದುಕೊಂಡು, ನಡುವೆ ಆಸ್ಪತ್ರೆ ಸೇರಿದರೆ ಯಾವುದಕ್ಕೆ ದುಡ್ಡು ಬರುತ್ತದೆ, ಯಾವುದಕ್ಕಿಲ್ಲ ಅಂತ ಆ ಸಣ್ಣ ಅಕ್ಷರದಲ್ಲಿ ಹುಡುಕಬೇಕಾಗುತ್ತದೆ.

ಸಾರ್ವಜನಿಕದಲ್ಲೇ ಟೇಕಾ (TK), ಆಓಕಾ (AOK), ಬಾರ್ಮರ್, ಡಾಕ್ (DAK) ಅಂತ ಹಲವು ಸಂಸ್ಥೆಗಳಿವೆ. ಯಾವುದು ಒಳ್ಳೆಯದು ಅಂತ ಗಂಟೆಗಟ್ಟಲೆ ಚರ್ಚೆ ನಡೆಯುತ್ತದೆ. ಅಷ್ಟು ಬೇಕಿಲ್ಲ. ಚಿಕಿತ್ಸೆಯ ಹೆಚ್ಚಿನ ಪಾಲನ್ನು ಕಾನೂನೇ ಗೊತ್ತುಮಾಡಿರುವುದರಿಂದ ಎಲ್ಲ ಕಡೆ ಒಂದೇ. ಹೆಚ್ಚುವರಿ ದರ ಎಷ್ಟು, ಇಂಗ್ಲಿಷಿನಲ್ಲಿ ಮಾತಾಡುವವರು ಇದ್ದಾರಾ ಅಂತ ನೋಡಿ ಒಂದನ್ನು ಆರಿಸಿ. 12 ತಿಂಗಳ ಮೇಲೆ ಬದಲಿಸಬಹುದು.

ಅಪ್ಪ ಅಮ್ಮ ಬಂದು ಹೋಗುವಾಗ ಇದು ಯಾವುದೂ ಅವರಿಗೆ ಸಿಗುವುದಿಲ್ಲ. ಅವರು ಬರಲು ಬೇಕಾದ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಬೇಕು. ಅಗ್ಗದ್ದು ತೆಗೆದುಕೊಂಡರೆ ವೀಸಾ ಸಿಗುತ್ತದೆ, ಆದರೆ ಮೊದಲೇ ಇದ್ದ ಬಿಪಿ, ಶುಗರ್, ಹೃದಯದ ತೊಂದರೆಗೆ ದುಡ್ಡು ಬರುತ್ತದಾ ಅನ್ನುವುದೇ ಮುಖ್ಯ. ಅವರ ವಯಸ್ಸಿಗೆ ಆ ಒಂದು ಸಾಲನ್ನು ಓದಿಯೇ ಪಾಲಿಸಿ ತೆಗೆದುಕೊಳ್ಳಿ.

ಇನ್ನೊಂದು ಸಣ್ಣ ವಿಮೆ ಇದೆ, 'ಹಾಫ್ಟ್‌ಫ್ಲಿಷ್ಟ್' ಅಂತ. ನಿಮ್ಮಿಂದ ಬೇರೆಯವರಿಗೆ ಆದ ನಷ್ಟವನ್ನು ಅದು ತುಂಬುತ್ತದೆ. ಸೈಕಲ್ಲಿನಲ್ಲಿ ಹೋಗುವಾಗ ಯಾರದೋ ಕಾರಿಗೆ ತಾಗಿದರೆ ಅದೇ ಕಾಯುತ್ತದೆ. ಇಡೀ ಕಟ್ಟಡದ ಬೀಗ ಬದಲಿಸಬೇಕಾಗುವಂಥ ಕೀಲಿ ಕಳೆದರೂ ಕೊಡುವ ಪಾಲಿಸಿಗಳಿವೆ. ಕಡ್ಡಾಯವಲ್ಲ, ದುಬಾರಿಯೂ ಅಲ್ಲ. ಮೊದಲ ತಿಂಗಳಲ್ಲೇ ಮಾಡಿಸಿ. ಮನೆ ಸಾಮಾನಿನ ವಿಮೆ, ಕೋರ್ಟು ಖರ್ಚಿನ ವಿಮೆ ಅಂತೆಲ್ಲ ಏಜೆಂಟರು ಹೇಳುವುದನ್ನು ಮುಂದೆ ನೋಡಿಕೊಳ್ಳಬಹುದು.

ಅಡುಗೆ ಸಾಮಾನು: ಮೂರು ಅಂಗಡಿ ಬೇಕು

ಎಲ್ಲವನ್ನೂ ಇಂಡಿಯನ್ ಅಂಗಡಿಯಲ್ಲೇ ಕೊಂಡರೆ ದುಡ್ಡು ಹೋಗುತ್ತದೆ, ಎಲ್ಲವನ್ನೂ ಸೂಪರ್‌ಮಾರ್ಕೆಟ್ಟಲ್ಲೇ ಕೊಂಡರೆ ನಾಲಿಗೆಗೆ ಬೇಜಾರು. ಹಂಚಿಕೊಳ್ಳುವುದು ಮೇಲು.

ಹಾಲು, ಮೊಸರು, ಬೆಣ್ಣೆ, ಎಣ್ಣೆ, ಈರುಳ್ಳಿ, ಆಲೂಗಡ್ಡೆ, ಸಕ್ಕರೆಗೆ ಆಲ್ಡಿ, ಲಿಡ್ಲ್ ಅನ್ನುವ ಅಗ್ಗದ ಸೂಪರ್‌ಮಾರ್ಕೆಟ್ಟುಗಳು ಸಾಕು. ರೇವೆ, ಎಡೇಕಾದಲ್ಲಿ ಆಯ್ಕೆ ಜಾಸ್ತಿ, ಬೆಲೆಯೂ ಜಾಸ್ತಿ. ಆದರೆ ಅವರದ್ದೇ ಹೆಸರಿನ ಅಗ್ಗದ ಸರಕೂ ಇರುತ್ತದೆ. ಸಿಹಿ ಹಾಕದ ಮೊಸರು, ಅಂದರೆ 3.5% ಕೊಬ್ಬಿನ ನಾಟೂರ್‌ಯೋಗುರ್ಟ್ ಅನ್ನಕ್ಕೆ ಚೆನ್ನಾಗಿ ಹೊಂದುತ್ತದೆ, ಹೆಪ್ಪು ಹಾಕಲಿಕ್ಕೂ ಆಗುತ್ತದೆ. ತುಪ್ಪಕ್ಕೆ ಪರದಾಡಬೇಕಿಲ್ಲ. 'ಬುಟರ್‌ಶ್ಮಾಲ್ಟ್ಸ್' ಅಂತ ಎಲ್ಲ ಕಡೆ ಸಿಗುತ್ತದೆ, ಇಲ್ಲವೇ ಉಪ್ಪಿಲ್ಲದ ಬೆಣ್ಣೆ ತಂದು ಮನೆಯಲ್ಲೇ ಕಾಯಿಸಿ. ನನಗೆ ಕಾಯಿಸಿದ್ದೇ ಇಷ್ಟ, ಆ ಘಮ ಡಬ್ಬದ್ದರಲ್ಲಿ ಇಲ್ಲ. ಉಪ್ಪಿಟ್ಟಿಗೆ ಗಟ್ಟಿ ಗೋಧಿಯ ರವೆಯಾದ ಹಾರ್ಟ್‌ವೈಟ್ಸನ್‌ಗ್ರೀಸ್ ತನ್ನಿ, ಮೆತ್ತಗಿನ ವೈಶ್‌ವೈಟ್ಸನ್‌ಗ್ರೀಸ್ ಕೇಸರಿಬಾತಿಗೆ ಇರಲಿ. ಟೈಪ್ 405 ಅನ್ನುವ ಹಿಟ್ಟು ನಮ್ಮ ಮೈದಾದ ಹಾಗೆ. ಅದರಲ್ಲಿ ಚಪಾತಿ ಮಾಡಿದರೆ ರಬ್ಬರಿನಂತಾಗುತ್ತದೆ, ಅದಕ್ಕೆ ಇಂಡಿಯನ್ ಅಂಗಡಿಯ ಆಟಾನೇ ಬೇಕು.

ತರಕಾರಿಗೆ ಟರ್ಕಿಯವರ ಅಂಗಡಿಯನ್ನು ಬಿಟ್ಟರೆ ಇಲ್ಲ. ಕೊತ್ತಂಬರಿ, ಪುದೀನ ಕಟ್ಟುಕಟ್ಟಾಗಿ ಸಿಗುತ್ತದೆ. ಸೂಪರ್‌ಮಾರ್ಕೆಟ್ಟಲ್ಲಿ ಅದೇ ದುಡ್ಡಿಗೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ನಾಲ್ಕು ಎಸಳು. ಬದನೆ, ಬೆಂಡೆ, ಹಸಿಮೆಣಸು, ಕಡಲೆಕಾಳು, ದೊಡ್ಡ ಬಕೆಟ್ಟಿನ ಗಟ್ಟಿ ಮೊಸರು ಎಲ್ಲವೂ ಅಲ್ಲಿ ಅಗ್ಗ.

ಕರಿಬೇವು, ನುಗ್ಗೆಕಾಯಿ, ತುರಿದು ಫ್ರೀಜ್ ಮಾಡಿದ ತೆಂಗಿನಕಾಯಿಗೆ ಶ್ರೀಲಂಕಾದ ತಮಿಳರ ಅಂಗಡಿ ಹುಡುಕಿ. ದಕ್ಷಿಣದ ಅಡುಗೆಗೆ ಎಷ್ಟೋ ಸಲ ಉತ್ತರ ಭಾರತದವರ ಅಂಗಡಿಗಿಂತ ಅದೇ ಮೇಲು. ಸೋನಾ ಮಸೂರಿ, ಉದ್ದಿನಬೇಳೆ, ತೊಗರಿಬೇಳೆ, ಅವಲಕ್ಕಿ, ರಾಗಿಹಿಟ್ಟನ್ನು ತಿಂಗಳಿಗೊಮ್ಮೆ ಒಟ್ಟಿಗೆ ತನ್ನಿ. ಸಣ್ಣ ಊರಲ್ಲಿ ಇದ್ದರೆ ಆನ್‌ಲೈನಲ್ಲಿ ತರಿಸಿ, ಅಕ್ಕಿ ಚೀಲ ಹೊತ್ತು ರೈಲಲ್ಲಿ ಬರುವ ಕಷ್ಟ ತಪ್ಪುತ್ತದೆ. ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಹುಳಿ ಬರಲ್ಲ ಅನ್ನುವವರು ಓವನ್ನಿನ ದೀಪ ಮಾತ್ರ ಹಾಕಿ ಪಾತ್ರೆಯನ್ನು ಒಳಗಿಡಿ, ಬೆಳಿಗ್ಗೆ ಉಬ್ಬಿರುತ್ತದೆ.

ಊರಿಂದ ಏನು ತರುವುದು, ಇಲ್ಲೇ ಏನು ಕೊಳ್ಳುವುದು? ಸಾರಿನಪುಡಿ, ಹುಳಿಪುಡಿ, ಚಟ್ನಿಪುಡಿ, ಬ್ಯಾಡಗಿ ಮೆಣಸಿನಕಾಯಿ ತನ್ನಿ. ತುಪ್ಪ, ಖೋವಾದ ಪೇಡಾ ಬೇಡ. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಹಾಲಿನ ಮತ್ತು ಮಾಂಸದ ಪದಾರ್ಥ ತರುವ ಹಾಗಿಲ್ಲ. ಧಾರವಾಡದ ಪೇಡಾ ಕಸ್ಟಮ್ಸ್‌ನವರ ಕಸದಬುಟ್ಟಿಗೆ ಹೋದರೆ ಹೊಟ್ಟೆ ಉರಿಯುತ್ತದೆ. ಹಸಿ ಕರಿಬೇವು, ಮಾವಿನಹಣ್ಣನ್ನೂ ಸರ್ಟಿಫಿಕೇಟ್ ಇಲ್ಲದೆ ತರುವಂತಿಲ್ಲ. ತೆಂಗಿನಕಾಯಿ, ಬಾಳೆಹಣ್ಣಿಗೆ ಆ ತಡೆ ಇಲ್ಲ.

ಭಾನುವಾರ ಅಂಗಡಿ ಮುಚ್ಚಿರುತ್ತದೆ. ಮ್ಯೂನಿಕ್ ಇರುವ ಬವೇರಿಯಾದಲ್ಲಿ ಉಳಿದ ದಿನವೂ ರಾತ್ರಿ 8ಕ್ಕೆ ಮುಚ್ಚುತ್ತವೆ, ಬರ್ಲಿನ್‌ನಲ್ಲಿ ಇನ್ನೂ ತಡವಾಗಿ ತೆರೆದಿರುವವು ಸಿಗುತ್ತವೆ. ದೊಡ್ಡ ರೈಲು ನಿಲ್ದಾಣದ ಒಳಗಿನ ಅಂಗಡಿಗಳು ಭಾನುವಾರವೂ ಇರುತ್ತವೆ. ನೀರು, ಜ್ಯೂಸಿನ ಪ್ಲಾಸ್ಟಿಕ್ ಬಾಟಲಿ, ಕ್ಯಾನ್‌ಗಳ ಬೆಲೆಯಲ್ಲಿ 25 ಸೆಂಟ್ ಠೇವಣಿ ಸೇರಿರುತ್ತದೆ. ಜಜ್ಜದೆ ಹಾಗೇ ಇಟ್ಟುಕೊಂಡು ಅಂಗಡಿಯ ಯಂತ್ರಕ್ಕೆ ಹಾಕಿದರೆ ವಾಪಸ್ ಬರುತ್ತದೆ.

ಓಡಾಟ

ಡಾಯ್ಚ್‌ಲಾಂಡ್ ಟಿಕೆಟ್ ಅನ್ನುವ ತಿಂಗಳ ಪಾಸು 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಯಿತು. 2025ರಲ್ಲಿ 58 ಆಯಿತು, 2026ರಿಂದ 63. ದೇಶದ ಯಾವ ಊರಲ್ಲೂ ಬಸ್ಸು, ಟ್ರಾಮ್, ಮೆಟ್ರೋ, ಪ್ರಾದೇಶಿಕ ರೈಲು ಎಲ್ಲಕ್ಕೂ ನಡೆಯುತ್ತದೆ. ವೇಗದ ಐಸಿಇ, ಐಸಿ ರೈಲಿಗೆ ನಡೆಯುವುದಿಲ್ಲ. ಬೇಡವಾದರೆ ತಿಂಗಳ 10ನೇ ತಾರೀಖಿನೊಳಗೆ ನಿಲ್ಲಿಸಬೇಕು, ಇಲ್ಲದಿದ್ದರೆ ಮುಂದಿನ ತಿಂಗಳಿನದೂ ಕಟ್ ಆಗುತ್ತದೆ. ಕಂಪನಿ ಕನಿಷ್ಠ 25% ಕೊಡಲು ಒಪ್ಪಿದರೆ ಇನ್ನೂ 5% ರಿಯಾಯಿತಿ ಸಿಗುತ್ತದೆ, ಸೇರಿದ ದಿನವೇ ಎಚ್‌ಆರ್‌ನವರನ್ನು ಕೇಳಿ.

ಮೊದಲ ಮೂರು ತಿಂಗಳು ಕಣ್ಣು ಮುಚ್ಚಿ ಇದನ್ನೇ ತೆಗೆದುಕೊಳ್ಳಿ. ಮನೆ ನೋಡಲು, ಕಚೇರಿಗಳಿಗೆ ಅಲೆಯಲು ಬೇಕೇ ಬೇಕು. ಯಾವ ವಲಯಕ್ಕೆ ಯಾವ ಟಿಕೆಟ್ ಅನ್ನುವ ಗೊಂದಲದಲ್ಲಿ ತಪ್ಪು ಟಿಕೆಟ್ ಹಿಡಿದು ಸಿಕ್ಕಿದರೆ 60 ಯೂರೋ ದಂಡ. ನೆಲೆ ನಿಂತ ಮೇಲೆ ಮನೆಯಿಂದ ಆಫೀಸು ಸೈಕಲ್ ದೂರದಲ್ಲಿದ್ದರೆ ಪಾಸು ಬಿಟ್ಟು ಸೈಕಲ್ ಕೊಳ್ಳಿ. ಹಳೆಯದಾದರೂ ಸರಿ, ಮುಂದೆ ಹಿಂದೆ ದೀಪ ಇರಲೇಬೇಕು.

ಕಾರಿನ ಯೋಚನೆ ಇದ್ದವರಿಗೆ ಒಂದು ಗಡುವು ಇದೆ. ನಮ್ಮ ದೇಶದ ಲೈಸೆನ್ಸು ಇಲ್ಲಿ ನೆಲೆಸಿದ ಮೇಲೆ ಆರು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಬರೆಯುವ ಪರೀಕ್ಷೆ, ಓಡಿಸುವ ಪರೀಕ್ಷೆ ಎರಡನ್ನೂ ಪಾಸು ಮಾಡಬೇಕು. ಬರೆಯುವುದನ್ನು ಇಂಗ್ಲಿಷಿನಲ್ಲಿ ಬರೆಯಬಹುದು. ಊರಲ್ಲಿ ಹದಿನೈದು ವರ್ಷ ಓಡಿಸಿದವರೂ ಇಲ್ಲಿ ಕೆಲವು ತರಗತಿ ತೆಗೆದುಕೊಳ್ಳುವುದೇ ಸರಿ, ಬಲಗಡೆಯಿಂದ ಬರುವವರಿಗೆ ದಾರಿ ಬಿಡುವ ನಿಯಮ ಕೈಗೆ ಕಾಲಿಗೆ ಇಳಿಯಲು ಸಮಯ ಬೇಕು.

ಬ್ಯಾಂಕು, ಸಿಮ್

ಇವೆರಡನ್ನೂ ಬದಲಿಸುವುದು ಸುಲಭ. ಸಂಬಳ ಬರಲು ಒಂದು ಖಾತೆ ಬೇಕು, ಮೊಬೈಲಲ್ಲೇ ತೆರೆಯುವ ಬ್ಯಾಂಕು ಬೇಗ ಆಗುತ್ತದೆ, ಹೆಚ್ಚಿನವಕ್ಕೆ ತಿಂಗಳ ಶುಲ್ಕವೂ ಇಲ್ಲ. ಶ್ಪಾರ್ಕಾಸ್ಸೆಯಂಥ ಶಾಖೆ ಇರುವ ಬ್ಯಾಂಕಲ್ಲಿ ಶುಲ್ಕ ಇರುತ್ತದೆ, ಎದುರಿಗೆ ಕೂತು ಮಾತಾಡಬಹುದು, ನಗದು ಹಾಕಲು ತೆಗೆಯಲು ಅನುಕೂಲ. ಎರಡರಲ್ಲೂ ಒಬ್ಬರಿಗೆ 1,00,000 ಯೂರೋವರೆಗೆ ಠೇವಣಿಗೆ ಕಾನೂನಿನ ರಕ್ಷಣೆ ಇದೆ. ವಿದ್ಯಾರ್ಥಿ ವೀಸಾಕ್ಕೆ ಬೇಕಾದ ಬ್ಲಾಕ್ಡ್ ಖಾತೆಯಲ್ಲಿ ವರ್ಷಕ್ಕೆ 11,904 ಯೂರೋ ಇಡಬೇಕು, ತಿಂಗಳಿಗೆ 992ರಂತೆ ಕೈಗೆ ಬರುತ್ತದೆ. ಅದು ಬಂದು ಬೀಳಲು ಇಲ್ಲೊಂದು ಮಾಮೂಲಿ ಖಾತೆ ಬೇಕೇ ಬೇಕು.

ಊರಿಗೆ ದುಡ್ಡು ಕಳಿಸುವಾಗ ಶುಲ್ಕ ಎಷ್ಟು ಅಂತ ನೋಡಬೇಡಿ. 1,000 ಯೂರೋ ಕಳಿಸಿದರೆ ಕೊನೆಗೆ ಎಷ್ಟು ರೂಪಾಯಿ ಕೈ ಸೇರುತ್ತದೆ ಅಂತ ಹೋಲಿಸಿ. ಊರಿನ ಉಳಿತಾಯ ಖಾತೆಯನ್ನು ಹೊರದೇಶದಲ್ಲಿ ನೆಲೆಸಿದವರಿಗಾಗಿ ಇರುವ ಎನ್‌ಆರ್‌ಒ ಖಾತೆಯಾಗಿ ಬದಲಿಸುವುದನ್ನೂ ಮರೆಯಬೇಡಿ.

ಸಿಮ್‌ಗೆ ಆಲ್ಡಿ, ಲಿಡ್ಲ್ ಅಂಗಡಿಯಲ್ಲೇ ಪ್ರೀಪೇಯ್ಡ್ ಸಿಗುತ್ತದೆ. 24 ತಿಂಗಳ ಒಪ್ಪಂದಕ್ಕೆ ಮೊದಲ ವರ್ಷ ಕೈ ಹಾಕಬೇಡಿ, ಹೊಸ ಫೋನಿನ ಆಸೆ ತೋರಿಸಿದರೂ.

ಮಕ್ಕಳು ಮತ್ತು ಭಾಷೆ

ಒಂದು ವರ್ಷ ತುಂಬಿದ ಮಗುವಿಗೆ ಶಿಶುವಿಹಾರದ ಜಾಗ ಸಿಗಬೇಕು ಅನ್ನುವುದು 2013ರಿಂದ ಕಾನೂನಿನ ಹಕ್ಕು. ಹಕ್ಕಿದ್ದರೂ ದೊಡ್ಡ ಊರುಗಳಲ್ಲಿ ಕಾಯಬೇಕು, ಹಾಗಾಗಿ ವಿಳಾಸ ನೋಂದಣಿಯಾದ ವಾರವೇ ಅರ್ಜಿ ಹಾಕಿ. ಕೀಟಾ ಅಂದರೆ ದೊಡ್ಡ ಶಿಶುವಿಹಾರ, ಟಾಗೆಸ್‌ಮುಟರ್ ಅಂದರೆ ತಮ್ಮ ಮನೆಯಲ್ಲೇ ನಾಲ್ಕೈದು ಮಕ್ಕಳನ್ನು ನೋಡಿಕೊಳ್ಳುವ ತರಬೇತಿ ಪಡೆದವರು. ಎರಡು ವರ್ಷದೊಳಗಿನ, ಇನ್ನೂ ಕನ್ನಡ ಮಾತ್ರ ಬರುವ ಮಗುವಿಗೆ ಎರಡನೆಯದೇ ಹಿತ. ಮೂರು ದಾಟಿದವರು ಕೀಟಾದಲ್ಲಿ ಬೇಗ ಭಾಷೆ ಹಿಡಿಯುತ್ತಾರೆ. ಎರಡರಲ್ಲೂ ಮೊದಲ ಕೆಲವು ವಾರ ಅಪ್ಪನೋ ಅಮ್ಮನೋ ಜೊತೆಗೆ ಕೂತು ಮಗುವನ್ನು ಒಗ್ಗಿಸಬೇಕು. ಆ ಸಮಯಕ್ಕೆ ರಜೆ ಉಳಿಸಿಕೊಳ್ಳಿ.

ಶಾಲೆಯ ವಿಷಯದಲ್ಲಿ ಎರಡು ಮೂರು ವರ್ಷದಲ್ಲಿ ವಾಪಸ್ ಹೋಗುವುದು ಖಚಿತವಾಗಿದ್ದು, ಕಂಪನಿ ಫೀಸು ಕೊಡುವುದಾದರೆ ಇಂಟರ್‌ನ್ಯಾಷನಲ್ ಶಾಲೆ. ಇಲ್ಲೇ ಇರುವವರಾದರೆ ಮನೆ ಹತ್ತಿರದ ಸರ್ಕಾರಿ ಶಾಲೆ, ಅಲ್ಲಿ ಫೀಸಿಲ್ಲ. ವಯಸ್ಸನ್ನು ಮಾತ್ರ ಗಮನಿಸಿ. ಹೆಚ್ಚಿನ ರಾಜ್ಯಗಳಲ್ಲಿ 4ನೇ ತರಗತಿ ಮುಗಿದಾಗ ಮಗು ಯಾವ ಬಗೆಯ ಪ್ರೌಢಶಾಲೆಗೆ ಹೋಗಬೇಕು ಅಂತ ತೀರ್ಮಾನವಾಗುತ್ತದೆ. ಬರ್ಲಿನ್, ಬ್ರಾಂಡೆನ್‌ಬುರ್ಗ್‌ನಲ್ಲಿ ಅದು 6ನೇ ತರಗತಿಯ ನಂತರ. ಒಂಬತ್ತು ವರ್ಷದ ಮಗುವನ್ನು ಕರೆದುಕೊಂಡು ಬವೇರಿಯಾಕ್ಕೆ ಬರುವವರು ಊರಲ್ಲೇ ಮಗುವಿಗೆ ಜರ್ಮನ್ ಶುರು ಮಾಡಿಸಿ.

ಕನ್ನಡ ಕೈತಪ್ಪದಂತೆ ಮನೆಯಲ್ಲಿ ಕನ್ನಡವನ್ನೇ ಮಾತಾಡಿ. ಜರ್ಮನ್ ಕಲಿಸುವ ಕೆಲಸ ಶಾಲೆಯದು, ಅವರು ಚೆನ್ನಾಗಿ ಮಾಡುತ್ತಾರೆ. ಮ್ಯೂನಿಕ್‌ನ ಸಿರಿಗನ್ನಡಕೂಟ, ಫ್ರಾಂಕ್‌ಫರ್ಟ್ ಸುತ್ತಿನ ರೈನ್ ಮೈನ್ ಕನ್ನಡ ಸಂಘದಂಥ ಕಡೆ ಹಬ್ಬ, ರಾಜ್ಯೋತ್ಸವಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ.

ಇನ್ನು ದೊಡ್ಡವರ ಭಾಷೆ. ಆಫೀಸಲ್ಲಿ ಇಂಗ್ಲಿಷ್ ನಡೆಯುತ್ತದೆ ಅಂತ ಮುಂದೂಡಿದವರು ಐದು ವರ್ಷವಾದರೂ ಡಾಕ್ಟರ ಹತ್ತಿರ ಫೋನಲ್ಲಿ ಸಮಯ ಕೇಳಲಾರದೆ ಒದ್ದಾಡುವುದನ್ನು ನೋಡಿದ್ದೇನೆ. ಬ್ಲೂ ಕಾರ್ಡ್ (ಹೆಚ್ಚು ಓದಿದ ನೌಕರರಿಗೆ ಕೊಡುವ ವಾಸದ ಪರವಾನಗಿ) ಇರುವವರಿಗೆ ಲೆಕ್ಕವೂ ಸ್ಪಷ್ಟ. ಜರ್ಮನ್‌ನಲ್ಲಿ ಎ1, ಅಂದರೆ ಮೊದಲ ಮಟ್ಟ ಇದ್ದರೆ 27 ತಿಂಗಳಿಗೆ ಕಾಯಂ ನೆಲೆಯ ಪರವಾನಗಿಗೆ ಅರ್ಜಿ ಹಾಕಬಹುದು, ನಡುವಿನ ಮಟ್ಟವಾದ ಬಿ1 ಇದ್ದರೆ 21 ತಿಂಗಳಿಗೇ.

ಹೊರಡುವ ಮೊದಲು ಸಮಯ ಇರುವವರಿಗೆ ಬೆಂಗಳೂರು ಇಂದಿರಾನಗರದಲ್ಲಿ ಜರ್ಮನ್ ಕಲಿಸುವ ಗಯ್ಟೆ ಇನ್‌ಸ್ಟಿಟ್ಯೂಟ್ ಒಳ್ಳೆಯದು. ಬಂದ ಮೇಲೆ ಅದೇ ಸಂಸ್ಥೆಯ ತರಗತಿ ದುಬಾರಿ, ಆದರೆ ಬೇಗ ಮುಗಿಯುತ್ತದೆ. ಆ್ಯಪುಗಳು ಪದ ಕಲಿಸುತ್ತವೆ, ಬಾಯಿ ಬಿಡಿಸುವುದಿಲ್ಲ. ಕೆಲಸವಿಲ್ಲದೆ ಮನೆಯಲ್ಲಿರುವ ಗಂಡ ಅಥವಾ ಹೆಂಡತಿಗೆ 600 ಗಂಟೆ ಭಾಷೆ, 100 ಗಂಟೆ ದೇಶದ ಪರಿಚಯ ಇರುವ ಇಂಟಿಗ್ರೇಷನ್ ಕೋರ್ಸು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಬೆಳಿಗ್ಗೆ ಹೋಗಲು ಒಂದು ಜಾಗ, ಮಾತಾಡಲು ಹತ್ತು ಜನ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲಾಗುವ ಊರಲ್ಲಿ ಒಂಟಿಯಾಗಿ ಕೂತವರಿಗೆ ಅದರ ಬೆಲೆ ಗೊತ್ತು.

ಕೆಲಸಕ್ಕೆ ಹೋಗುವವರಿಗೆ ಊರೂರಲ್ಲೂ ಇರುವ, ದೊಡ್ಡವರಿಗೆ ಪಾಠ ಹೇಳುವ ಫೋಲ್ಕ್ಸ್‌ಹೋಖ್‌ಷೂಲೆಯ ಸಂಜೆ ತರಗತಿಯೇ ನನ್ನ ಆಯ್ಕೆ. ಖರ್ಚು ಕಮ್ಮಿ, ವಾರಕ್ಕೆ ಒಂದೆರಡು ಸಂಜೆ ಸಾಕು, ಪಕ್ಕದ ಬೀದಿಯವರೇ ಜೊತೆಗಾರರಾಗಿ ಸಿಗುತ್ತಾರೆ. ಅಲ್ಲಿ ವರ್ಷಕ್ಕೆ ಎರಡು ಸಲ, ವಸಂತದಲ್ಲಿ ಮತ್ತು ಶರತ್ಕಾಲದಲ್ಲಿ, ಹೊಸ ತರಗತಿಗಳು ಶುರುವಾಗುತ್ತವೆ. ಸಂಜೆಯ ಸೀಟುಗಳು ಮೊದಲು ತುಂಬುವುದರಿಂದ ಹೆಸರು ಕೊಡಲು ತರಗತಿ ಶುರುವಾಗುವವರೆಗೆ ಕಾಯಬೇಡಿ. ಸ್ವಲ್ಪ ಕಲಿತು ಬಂದವರಾದರೆ ಮೊದಲು ಮಟ್ಟದ ಪರೀಕ್ಷೆಗೆ ಸಮಯ ತೆಗೆದುಕೊಳ್ಳಿ, ಅದರ ಮೇಲೆ ಯಾವ ತರಗತಿಗೆ ಸೇರಬೇಕು ಅಂತ ಅವರೇ ಹೇಳುತ್ತಾರೆ.